ಪ್ರಾಚೀನ ಕನ್ನಡ ಕಾವ್ಯಗಳ ಪರಿಭಾಷೆ ಮತ್ತು ಜೈನ ಪುರಾಣೋಲ್ಲೇಖಗಳು

ಕನ್ನಡದಲ್ಲಿ ಇಂದು ಉಪಲಬ್ಧವಿರುವ ಗ್ರಂಥಗಳಲ್ಲಿ ಮೊದಲನೆಯದು ಕಾವ್ಯವಲ್ಲ, ಕಾವ್ಯದ ಲಕ್ಷಣವನ್ನು ಹೇಳುವ ಶಾಸ್ತ್ರ ಎಂಬುದು ಗಮನಾರ್ಹವಾದ ಸಂಗತಿ. ರಾಷ್ಟ್ರಕೂಟ ಚಕ್ರವರ್ತಿಯೂ ಜಿನಸೇನಾಚಾರ್ಯರ ಶಿಷ್ಯನೂ ಆದ ಅಮೋಘವರ್ಷ ನೃಪತುಂಗನ (ಕ್ರಿ.ಶ. 814-878) ಆಸ್ಥಾನದಲ್ಲಿ ಶ್ರೀವಿಜಯನು ರಚಿಸಿದ ‘ಕವಿರಾಜಮಾರ್ಗ’ವೇ ಆ ಗ್ರಂಥ. ಅದರ ಮೂರು ಪರಿಚ್ಛೇದಗಳಲ್ಲಿ ಕಾವ್ಯದೋಷ, ಶಬ್ದಾಲಂಕಾರ, ಅರ್ಥಾಲಂಕಾರಗಳ ವಿವೇಚನೆಯಿದೆ. ದಂಡಿಯ ‘ಕಾವ್ಯಾದರ್ಶ’ವನ್ನು ಬಹುಮಟ್ಟಿಗೆ ಅನುಸರಿಸಿದರೂ, ಚತ್ತಾಣ, ಬೆದಂಡೆ ಎಂಬ ಕನ್ನಡದ್ದೇ ಆದ ಕಾವ್ಯಪ್ರಕಾರಗಳ ಹೆಸರನ್ನು ಉಳಿಸಿಕೊಟ್ಟ ಕೀರ್ತಿ ಅದಕ್ಕೆ ಸಲ್ಲುತ್ತದೆ.

ಈ ಶಾಸ್ತ್ರಪರಂಪರೆಯನ್ನು ಮುಂದುವರಿಸಿದವರಲ್ಲಿಯೂ ಜೈನ ವಿದ್ವಾಂಸರೇ ಪ್ರಮುಖರು. ಇಮ್ಮಡಿ ನಾಗವರ್ಮನ ‘ಕಾವ್ಯಾವಲೋಕನ’, ಸುಮಾರು 1260ರಲ್ಲಿ ಕೇಶಿರಾಜನು ಬರೆದ ‘ಶಬ್ದಮಣಿದರ್ಪಣ’, 1604ರಲ್ಲಿ ಭಟ್ಟಾಕಳಂಕದೇವನು ಸಂಸ್ಕೃತ ಸೂತ್ರಗಳಲ್ಲಿ ರಚಿಸಿದ ‘ಶಬ್ದಾನುಶಾಸನ’ ಇವು ಅದಕ್ಕೆ ಸಾಕ್ಷಿ. ಕನ್ನಡ ವಿದ್ಯಾರ್ಥಿಯು ಇಂದಿಗೂ ಬಳಸುವ ಪಾರಿಭಾಷಿಕ ಪದಗಳಲ್ಲಿ ಅನೇಕವು ಈ ಗ್ರಂಥಗಳ ಮೂಲಕ ಹರಿದು ಬಂದವು.

ಆದರೆ ಅಲಂಕಾರ, ಛಂದಸ್ಸುಗಳ ಪರಿಭಾಷೆಯನ್ನು ಬಲ್ಲ ಮಾತ್ರಕ್ಕೆ ಪಂಪ, ಪೊನ್ನ, ರನ್ನರ ಆಗಮಿಕ ಕಾವ್ಯಗಳು ತೆರೆದುಕೊಳ್ಳುವುದಿಲ್ಲ. ಅವುಗಳಿಗೆ ಆಗಮದ ಪರಿಭಾಷೆಯೆಂಬ ಮತ್ತೊಂದು ಕೀಲಿಕೈ ಬೇಕು. ‘ಕೇವಲಜ್ಞಾನ’ ಎಂಬ ಪದವನ್ನೇ ನೋಡಬಹುದು. ಇಂದಿನ ಆಡುನುಡಿಯಲ್ಲಿ ‘ಕೇವಲ’ ಎಂದರೆ ಬರಿಯ, ಅಲ್ಪವಾದ ಎಂದರ್ಥ. ಆಗಮದಲ್ಲಾದರೋ ಅದು ಯಾವ ಸಹಾಯವನ್ನೂ ಅಪೇಕ್ಷಿಸದ, ಸಕಲವನ್ನೂ ಏಕಕಾಲದಲ್ಲಿ ಅರಿಯುವ ಪರಿಪೂರ್ಣಜ್ಞಾನ. ‘ನಿರ್ಗ್ರಂಥ’ನೆಂದರೆ ಪುಸ್ತಕವಿಲ್ಲದವನಲ್ಲ; ಅಂತರಂಗ ಬಹಿರಂಗ ಪರಿಗ್ರಹಗಳ ಗಂಟನ್ನು ಕಳಚಿದವನು. ಒಂದು ಪದದ ಅರ್ಥ ತಪ್ಪಿದರೆ ಇಡೀ ಪದ್ಯದ ಆಶಯವೇ ತಲೆಕೆಳಗಾದೀತು.

ಪುರಾಣೋಲ್ಲೇಖಗಳ ವಿಷಯವೂ ಹೀಗೆಯೇ. ನಾಗಚಂದ್ರನ ‘ರಾಮಚಂದ್ರಚರಿತಪುರಾಣ’ದಲ್ಲಿ ರಾವಣನನ್ನು ವಧಿಸುವವನು ಲಕ್ಷ್ಮಣ. ವಾಲ್ಮೀಕಿಯ ಕಥೆಯನ್ನು ಮಾತ್ರ ಬಲ್ಲ ವಿದ್ಯಾರ್ಥಿಗೆ ಇದು ಕವಿಯ ಸ್ವೇಚ್ಛೆಯಂತೆ ತೋರುತ್ತದೆ. ಜೈನ ಪರಂಪರೆಯಲ್ಲಿ ತ್ರಿಷಷ್ಟಿಶಲಾಕಾಪುರುಷರೆಂದರೆ 24 ತೀರ್ಥಂಕರರು, 12 ಚಕ್ರವರ್ತಿಗಳು ಮತ್ತು ಬಲದೇವ, ವಾಸುದೇವ, ಪ್ರತಿವಾಸುದೇವರು ತಲಾ 9 ಮಂದಿ, ಒಟ್ಟು 63. ರಾಮನು ಬಲದೇವ, ಲಕ್ಷ್ಮಣನು ವಾಸುದೇವ, ರಾವಣನು ಪ್ರತಿವಾಸುದೇವ. ಪ್ರತಿವಾಸುದೇವನು ವಾಸುದೇವನ ಕೈಯಿಂದಲೇ ಮಡಿಯಬೇಕೆಂಬುದು ಆ ಪರಂಪರೆಯ ಕ್ರಮ.

ಪಂಪನ ‘ಆದಿಪುರಾಣ’ವು (ಕ್ರಿ.ಶ. 941) ಇದಕ್ಕಿಂತಲೂ ಒಳ್ಳೆಯ ನಿದರ್ಶನ. ಶಯ್ಯಾಗೃಹದಲ್ಲಿ ತುಂಬಿದ ಧೂಪದ ಹೊಗೆಯಿಂದ ವಜ್ರಜಂಘ ಶ್ರೀಮತಿಯರು ಒಟ್ಟಿಗೆ ಪ್ರಾಣಬಿಡುವ ಪ್ರಸಂಗವನ್ನು ಪಾಠವಾಗಿ ಓದುವವರು ಅದನ್ನು ಪ್ರಣಯದ ದುರಂತವೆಂದು ಭಾವಿಸುವುದುಂಟು. ‘ಭವಾವಳಿ’ಯ ಅರ್ಥವನ್ನರಿತವರಿಗೆ ಕಥೆ ಅಲ್ಲಿ ಮುಗಿಯುವುದಿಲ್ಲ. ವಜ್ರಜಂಘನ ಜೀವವೇ ಮುಂದೆ ಆದಿತೀರ್ಥಂಕರನಾಗುತ್ತದೆ. ಶ್ರೀಮತಿಯ ಜೀವವು ಶ್ರೇಯಾಂಸಕುಮಾರನಾಗಿ ಜನಿಸುತ್ತದೆ. ಆ ಜನ್ಮದಲ್ಲಿ ದಂಪತಿಗಳು ಮುನಿಗಳಿಗೆ ಆಹಾರದಾನ ಮಾಡಿದ್ದರು. ಅದರ ಜಾತಿಸ್ಮರಣದಿಂದಲೇ ಶ್ರೇಯಾಂಸನು ದಾನವಿಧಿಯನ್ನರಿತು ವೃಷಭಮುನಿಗೆ ಕಬ್ಬಿನ ರಸವನ್ನು ನೀಡುತ್ತಾನೆ. ಶ್ರಾವಕರು ಆಚರಿಸುವ ಅಕ್ಷಯತೃತೀಯೆಯ ಮೂಲವಿದು. ಧೂಪದ ಹೊಗೆಯಲ್ಲಿ ಆರಿಹೋದಂತೆ ಕಂಡ ಪ್ರೇಮವು ದಾನತೀರ್ಥದ ಪ್ರವರ್ತನೆಯಾಗಿ ಬೆಳಗಿತು.

ಇಂತಹ ಉಲ್ಲೇಖಗಳು ಹೊತ್ತಗೆಯಲ್ಲಿ ಮಾತ್ರ ಉಳಿದವಲ್ಲ. ಪ್ರತಿಷ್ಠಾಮಹೋತ್ಸವದಲ್ಲಿ ಗರ್ಭ, ಜನ್ಮ, ದೀಕ್ಷಾ, ಕೇವಲಜ್ಞಾನ, ಮೋಕ್ಷ ಎಂಬ ಪಂಚಕಲ್ಯಾಣಗಳು ನಡೆಯುವಾಗ ಅವು ಕಣ್ಣೆದುರಿಗೆ ಬರುತ್ತವೆ. ಅನೇಕ ಕಡೆ ದೀಕ್ಷಾಕಲ್ಯಾಣದಂದು ನೀಲಾಂಜನೆಯ ನೃತ್ಯವನ್ನು ಅಭಿನಯಿಸುತ್ತಾರೆ. ಆಯುಷ್ಯ ತೀರಿದ ನರ್ತಕಿ ನೃತ್ಯದ ನಡುವೆ ಅದೃಶ್ಯಳಾಗುತ್ತಾಳೆ; ಇಂದ್ರನು ಒಡನೆಯೇ ಅಂಥದೇ ರೂಪವನ್ನು ನಿಲ್ಲಿಸುತ್ತಾನೆ; ಸಭೆಯು ಅರಿಯದ ಆ ಲೋಪವನ್ನು ವೃಷಭದೇವನೊಬ್ಬನು ಅರಿತು ವಿರಕ್ತನಾಗುತ್ತಾನೆ. ಪಂಪನ ಕಾವ್ಯದ ಈ ಶಿಖರವನ್ನು ಗ್ರಾಮದ ಬಾಲಕನೂ ಮಂಟಪದ ಮುಂದೆ ಕುಳಿತು ಕಾಣುತ್ತಾನೆ.

ಆದರೂ ಒಂದು ವಿಷಾದವುಂಟು. ತರಗತಿಯಲ್ಲಿ ಪಂಪನನ್ನು ಓದುವ ವಿದ್ಯಾರ್ಥಿಗೆ ಮಂಟಪದ ಪರಿಚಯವಿಲ್ಲ. ಮಂಟಪದಲ್ಲಿ ಕೈಮುಗಿಯುವ ಯುವಕನು ಪಂಪನನ್ನು ಓದಿಲ್ಲ. ಕೀಲಿಕೈ ಒಬ್ಬನಲ್ಲಿ, ಭಂಡಾರ ಮತ್ತೊಬ್ಬನಲ್ಲಿ. ಅತ್ತಿಮಬ್ಬೆಯು ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬ ಖ್ಯಾತಿಯನ್ನು ಸಮಾಜವು ಹೆಮ್ಮೆಯಿಂದ ನೆನೆಯುತ್ತದೆ. ಶಾಸ್ತ್ರದಾನವೆಂದರೆ ಓಲೆಗರಿಯ ದಾನ ಮಾತ್ರವಲ್ಲ, ಅರ್ಥದ ದಾನವೂ ಹೌದು. ಬಸದಿಯಲ್ಲಿ ನಡೆಯುವ ಸ್ವಾಧ್ಯಾಯದಲ್ಲಿ ಹಿರಿಯರು ಕಿರಿಯರಿಗೆ ದಿನಕ್ಕೊಂದು ಪದದ, ವಾರಕ್ಕೊಂದು ಪ್ರಸಂಗದ ಅರ್ಥವನ್ನು ತಿಳಿಸಿದರೆ, ಶಿಲೆಯಲ್ಲಿ ಬಿಂಬಪ್ರತಿಷ್ಠೆಯಾದಂತೆ ಮನಸ್ಸಿನಲ್ಲಿ ಶ್ರುತಪ್ರತಿಷ್ಠೆಯೂ ಆದೀತು.