ಶಿಫಾರಸು ಬೇಡದ ಸೀಟು

ವಿಜಯಪುರ ಜಿಲ್ಲೆಯ ಬಬಲೇಶ್ವರ ತಾಲ್ಲೂಕಿನ ನಿಡೋಣಿಯಿಂದ ಬಿಡಿಎಸ್ ಸೀಟಿಗೆ ಹೊರಡುವ ವಿದ್ಯಾರ್ಥಿನಿಯ ಫೈಲಿನಲ್ಲಿ ಕಾಗದಗಳಿಗೆ ಬರವಿರುವುದಿಲ್ಲ. ನೀಟ್ ಅಂಕಪಟ್ಟಿ, ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಅಂಕಪಟ್ಟಿ, ಜಾತಿ-ಆದಾಯ ಪ್ರಮಾಣಪತ್ರ, ವ್ಯಾಸಂಗ ಪ್ರಮಾಣಪತ್ರ, ಗ್ರಾಮೀಣ ಮೀಸಲಾತಿಗೊಂದು, ಕನ್ನಡ ಮಾಧ್ಯಮಕ್ಕೊಂದು. ಒಂದರ ಮೇಲೆ ಮುಖ್ಯೋಪಾಧ್ಯಾಯರ ಸಹಿ ಮತ್ತು ಬಿಇಒ ಮೇಲುಸಹಿ, ಇನ್ನೊಂದರ ಮೇಲೆ ತಹಶೀಲ್ದಾರರ ಹೆಸರು. ಈ ಹುಡುಗಿ ಎಂಥವಳು, ಲ್ಯಾಬಿನಲ್ಲಿ ಹೇಗೆ ಕೆಲಸ ಮಾಡುತ್ತಾಳೆ, ಕೈ ಎಷ್ಟು ಸೂಕ್ಷ್ಮ ಎಂದು ಹೇಳುವ ಕಾಗದ ಮಾತ್ರ ಒಂದೂ ಇಲ್ಲ. ಯಾರೂ ಅದನ್ನು ಕೇಳುವುದೂ ಇಲ್ಲ.

ಅದೇ ಹುಡುಗಿ ಬಿಡಿಎಸ್ ಮುಗಿಸಿ ಅಮೆರಿಕದ ದಂತವೈದ್ಯಕೀಯ ಕಾಲೇಜಿಗೆ ಅರ್ಜಿ ಹಾಕಲು ಕೂತರೆ ಮೊದಲು ಎದುರಾಗುವ ಪ್ರಶ್ನೆಗಳಲ್ಲಿ ಒಂದು: ನಿಮ್ಮ ಬಗ್ಗೆ ಯಾರು ಬರೆಯುತ್ತಾರೆ? ಕರ್ನಾಟಕದ ವೃತ್ತಿಶಿಕ್ಷಣದಲ್ಲಿ ಈ ಪ್ರಶ್ನೆ ಕಣ್ಮರೆಯಾದದ್ದು ತಾನಾಗಿ ಅಲ್ಲ. ಅದನ್ನು ಹೊರಗೆ ಹಾಕಲು ಮೂವತ್ತು ವರ್ಷ ಕೋರ್ಟು, ಕಾಯ್ದೆ, ಜಗಳ ಎಲ್ಲವೂ ಬೇಕಾದವು.

ಭಾರತದಲ್ಲಿ ದಂತವೈದ್ಯ ಶಿಕ್ಷಣದ ಆರಂಭವೇ ಅಮೆರಿಕದ ನಂಟಿನಿಂದ. ಪೂರ್ವ ಬಂಗಾಳದ ರಫಿಯುದ್ದೀನ್ ಅಹ್ಮದ್ 1915ರಲ್ಲಿ ಅಯೋವಾ ವಿಶ್ವವಿದ್ಯಾಲಯದಲ್ಲಿ ದಂತವೈದ್ಯ ಪದವಿ ಪಡೆದರು. ಊರಿಗೆ ಮರಳಿ 1920ರಲ್ಲಿ ಕಲ್ಕತ್ತೆಯಲ್ಲಿ ದೇಶದ ಮೊದಲ ದಂತವೈದ್ಯಕೀಯ ಕಾಲೇಜು ತೆರೆದರು. ಅದಕ್ಕೆ ಹಣ ಹೊಂದಿಸಲು ‘ನ್ಯೂಯಾರ್ಕ್ ಸೋಡಾ ಫೌಂಟನ್’ ಎಂಬ ಅಂಗಡಿಯನ್ನೂ ನಡೆಸಿದರು. ಮುಂಬೈಯಲ್ಲಿ ನಾಯರ್ ದಂತವೈದ್ಯಕೀಯ ಕಾಲೇಜು ಶುರುವಾದದ್ದು 1933ರಲ್ಲಿ. ಆಗ ವಿಜಾಪುರ (ಇಂದಿನ ವಿಜಯಪುರ) ಜಿಲ್ಲೆ ಮುಂಬೈ ಪ್ರಾಂತ್ಯದ ಭಾಗ. ಹಲ್ಲಿನ ಡಾಕ್ಟರಾಗಬೇಕೆಂದು ಇಲ್ಲಿಯವರು ಯಾರಾದರೂ ಹೊರಟಿದ್ದರೆ ಮುಂಬೈ ದಾರಿಯನ್ನೇ ಹಿಡಿಯಬೇಕಿತ್ತು.

ಉಳಿದವರಿಗೆ ಪದವಿಯೇ ಬೇಕಿರಲಿಲ್ಲ. ಹಲ್ಲು ಕೀಳುವುದು, ಕಟ್ಟುವುದು ಕಣ್ಣಿಂದ ಕಲಿತ ಕಸುಬಾಗಿತ್ತು. 1948ರ ದಂತವೈದ್ಯರ ಕಾಯ್ದೆ ಅಂಥವರನ್ನು ಒಂದೇ ಏಟಿಗೆ ಹೊರಗೆ ಹಾಕಲಿಲ್ಲ. ನೋಂದಣಿ ಪುಸ್ತಕದಲ್ಲಿ ಎರಡು ಭಾಗ ಮಾಡಿತು: ‘ಎ’ ಭಾಗ ಓದಿದವರಿಗೆ, ‘ಬಿ’ ಭಾಗ ಓದದೆಯೂ ಕನಿಷ್ಠ ಐದು ವರ್ಷ ಇದನ್ನೇ ಮುಖ್ಯ ಜೀವನೋಪಾಯ ಮಾಡಿಕೊಂಡವರಿಗೆ. ಅನುಭವಕ್ಕೆ ಕಾನೂನು ಆಗ ಬಾಗಿಲು ತೆರೆಯಿತು. ಮುಂದೆ ಈ ಕಸುಬಿಗೆ ಬರುವವರು ಕಾಲೇಜಿನ ಮೂಲಕವೇ ಬರಬೇಕಾಯಿತು. ಹಾಗಾಗಿ ಕಾಲೇಜಿನ ಸೀಟು ಯಾರಿಗೆ ಎಂಬುದೇ ದೊಡ್ಡ ಪ್ರಶ್ನೆಯಾಯಿತು. ಬೆಂಗಳೂರಿನ ಸರ್ಕಾರಿ ದಂತವೈದ್ಯಕೀಯ ಕಾಲೇಜು ಶುರುವಾದದ್ದು 1958ರಲ್ಲಿ, ವಿಜಾಪುರ ಮೈಸೂರು ರಾಜ್ಯಕ್ಕೆ ಸೇರಿ ಎರಡು ವರ್ಷವಾಗಿತ್ತು.

1963ರಲ್ಲಿ ಮೈಸೂರು ಸರ್ಕಾರ ಒಂದು ಪ್ರಯೋಗ ಮಾಡಿತು. ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಆಯ್ಕೆಯಲ್ಲಿ ಪರೀಕ್ಷೆಯ ಗರಿಷ್ಠ ಅಂಕಗಳ ಶೇ 25ರಷ್ಟನ್ನು ಸಂದರ್ಶನಕ್ಕೆ ಸೇರಿಸಿತು. ಸಾಮಾನ್ಯ ಜ್ಞಾನ, ಅಭಿರುಚಿ ಮತ್ತು ವ್ಯಕ್ತಿತ್ವ, ಹಿಂದಿನ ಓದಿನ ಸಾಧನೆ, ಎನ್‌ಸಿಸಿ, ಆಟ-ನಾಟಕ-ಚರ್ಚೆ-ಸಮಾಜಸೇವೆ ಇವೆಲ್ಲ ಅಲ್ಲಿ ತೂಗುವ ಸಂಗತಿಗಳು. ಇಂದು ಅಮೆರಿಕದ ಕಾಲೇಜುಗಳು ಶಿಫಾರಸು ಪತ್ರದಲ್ಲಿ ಹುಡುಕುವುದೂ ಬಹುಪಾಲು ಇವನ್ನೇ. ವ್ಯತ್ಯಾಸ ಒಂದೇ: ಅಲ್ಲಿ ವರ್ಷಗಟ್ಟಲೆ ಕಂಡ ಮೇಷ್ಟ್ರು ಬರೆಯುತ್ತಾರೆ, ಇಲ್ಲಿ ಮೊದಲ ಸಲ ನೋಡಿದ ಸಮಿತಿ ಸ್ವಲ್ಪ ಹೊತ್ತಿನಲ್ಲಿ ಅಂಕ ಹಾಕುತ್ತಿತ್ತು.

ಅಂಕಪಟ್ಟಿಯಲ್ಲಿ ಮುಂದಿದ್ದೂ ಸಂದರ್ಶನದಿಂದ ಹಿಂದೆ ಬಿದ್ದೆವೆಂದವರು ಕೋರ್ಟಿಗೆ ಹೋದರು. ಆರ್. ಚಿತ್ರಲೇಖಾ ಪ್ರಕರಣದಲ್ಲಿ 1964ರಲ್ಲಿ ಬಹುಮತದ ತೀರ್ಪು ಬರೆದ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಕೆ. ಸುಬ್ಬರಾವ್ ಸಂದರ್ಶನ ಪದ್ಧತಿಯನ್ನು ಎತ್ತಿಹಿಡಿದರು. ದುರುಪಯೋಗ ಆಗಬಹುದೆಂಬ ಒಂದೇ ಕಾರಣಕ್ಕೆ ಪದ್ಧತಿಯನ್ನೇ ಕೆಡವಲಾಗದು ಎಂಬುದು ಆ ತೀರ್ಪಿನ ಸಾರ. ಕೋರ್ಟು ಒಪ್ಪಿದರೂ ಜನ ಒಪ್ಪಲಿಲ್ಲ. ಸಂದರ್ಶನವೆಂದರೆ ವಶೀಲಿ ಎಂಬ ಗುಮಾನಿ ಉಳಿದೇಬಿಟ್ಟಿತು. 1980ರಲ್ಲಿ ಶ್ರೀನಗರದ ಎಂಜಿನಿಯರಿಂಗ್ ಕಾಲೇಜೊಂದರ ಪ್ರಕರಣದಲ್ಲಿ, ಅಜಯ್ ಹಾಸಿಯಾ ತೀರ್ಪಿನಲ್ಲಿ, ಸುಪ್ರೀಂ ಕೋರ್ಟೇ ಸಂದರ್ಶನಕ್ಕೆ ಶೇ 15ಕ್ಕಿಂತ ಹೆಚ್ಚು ಅಂಕ ಕೊಡುವುದು ಸರಿಯಲ್ಲವೆಂದಿತು.

ಅಷ್ಟರಲ್ಲಿ ಆಟವೇ ಬದಲಾಗಿತ್ತು. ಮಣಿಪಾಲದಲ್ಲಿ 1965ರಲ್ಲೇ ಖಾಸಗಿ ದಂತವೈದ್ಯಕೀಯ ಕಾಲೇಜು ಬಂದಿತ್ತು. ಆಮೇಲೆ ದಾವಣಗೆರೆಯ ಬಾಪೂಜಿ 1979, ಬೆಳಗಾವಿಯ ಕೆಎಲ್‌ಇ 1985, ಧಾರವಾಡದ ಎಸ್‌ಡಿಎಂ 1986. ವಿಜಾಪುರದ ಅಲ್-ಅಮೀನ್ ದಂತವೈದ್ಯಕೀಯ ಕಾಲೇಜು 1992ರಲ್ಲಿ ಶುರುವಾಯಿತು. ಮುಂಬೈಗೆ ಹೋಗಬೇಕಿದ್ದ ದಾರಿ ಈಗ ಟಿಕೋಟಾ ಕಡೆಗೆ ಹೋಗುವ ಅಥಣಿ ರಸ್ತೆಯಲ್ಲೇ ಮುಗಿಯುತ್ತಿತ್ತು. ಕಾಲೇಜು ಹತ್ತಿರ ಬಂತು, ಸೀಟು ಹತ್ತಿರ ಬರಲಿಲ್ಲ. ಖಾಸಗಿ ಕಾಲೇಜುಗಳ ಸುಗ್ಗಿಯೊಂದಿಗೆ ಡೊನೇಶನ್ ಎಂಬ ಪದ ಮನೆಮನೆಯ ಮಾತಾಯಿತು. ಪರಿಚಯದವರ ಚೀಟಿ ಬಾಗಿಲು ತೆರೆಸಿದರೂ ಒಳಗೆ ಹೋಗಲು ಹಣವೇ ಬೇಕಿತ್ತು.

1984ರಲ್ಲಿ ರಾಜ್ಯ ಕ್ಯಾಪಿಟೇಶನ್ ಶುಲ್ಕ ನಿಷೇಧ ಕಾಯ್ದೆ ತಂದಿತು. ಆದರೆ 1989ರ ಜೂನ್‌ನ ಅಧಿಸೂಚನೆಯಲ್ಲಿ ಸರ್ಕಾರವೇ ಖಾಸಗಿ ವೈದ್ಯಕೀಯ ಕಾಲೇಜುಗಳಿಗೆ ಮೂರು ಬಗೆಯ ವಾರ್ಷಿಕ ಶುಲ್ಕ ನಿಗದಿ ಮಾಡಿತು: ಸರ್ಕಾರಿ ಸೀಟಿಗೆ 2,000 ರೂಪಾಯಿ, ರಾಜ್ಯದ ಇತರರಿಗೆ 25,000, ಹೊರರಾಜ್ಯದವರಿಗೆ 60,000. ಈ 60,000ದ ಕಲಮು 1992ರಲ್ಲಿ ಮೋಹಿನಿ ಜೈನ್ ಪ್ರಕರಣದಲ್ಲಿ ಬಿದ್ದುಹೋಯಿತು. ಮರುವರ್ಷ ಉನ್ನಿಕೃಷ್ಣನ್ ಪ್ರಕರಣದ ತೀರ್ಪು ಖಾಸಗಿ ಕಾಲೇಜುಗಳ ಅರ್ಧ ಸೀಟುಗಳನ್ನು ‘ಫ್ರೀ’, ಇನ್ನರ್ಧವನ್ನು ‘ಪೇಮೆಂಟ್’ ಎಂದು ವಿಂಗಡಿಸಿ, ಎರಡಕ್ಕೂ ಅರ್ಹತೆಯೇ ಆಧಾರ ಎಂದಿತು. ಅದರ ಬೆನ್ನಿಗೆ 1994ರಲ್ಲಿ ಕರ್ನಾಟಕದ ಸಿಇಟಿ ಬಂತು.

ಸಿಇಟಿ ಮಾಡಿದ ದೊಡ್ಡ ಕೆಲಸವೆಂದರೆ ವಿದ್ಯಾರ್ಥಿಯ ಮುಖವನ್ನು ಅಳಿಸಿದ್ದು. ರ‍್ಯಾಂಕು ಕೂಗಿದಾಗ ಎದ್ದು ಹೋಗಿ ಉಳಿದ ಸೀಟುಗಳಲ್ಲಿ ಒಂದನ್ನು ಆರಿಸಿಕೊಂಡರೆ ಮುಗಿಯಿತು. ಅಪ್ಪ ಯಾರು, ಶಾಸಕರು ಗೊತ್ತೇ ಎಂದು ಕೇಳುವವರಿಲ್ಲ. ಊರಲ್ಲಿ ಒಬ್ಬ ಡಾಕ್ಟರ ಪರಿಚಯವೂ ಇಲ್ಲದ ಜೋಳದ ಹೊಲದ ಮನೆಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಇರಲಿಲ್ಲ. ಶಿಫಾರಸು ಬರೆಯಬಲ್ಲವರ ನಂಟು ಇದ್ದವರು ಪಟ್ಟಣದವರೇ ತಾನೆ?

ವ್ಯಕ್ತಿಯ ಮಾತು ಹೊರಗೆ ಹೋದ ಜಾಗಕ್ಕೆ ಸರ್ಕಾರದ ಮಾತು ಬಂತು. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದವರಿಗೆ ಶೇ 15, ಅಷ್ಟೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲಾತಿ. ಮುಖ್ಯೋಪಾಧ್ಯಾಯರು ಇಲ್ಲಿ ಗುಣಗಾನ ಮಾಡಬೇಕಿಲ್ಲ, ಯಾವ ವರ್ಷ ಯಾವ ತರಗತಿ ಎಂದು ತುಂಬಿದರೆ ಸಾಕು. ಕಾಗದದ ಗಡಿಗಳೂ ಕಟ್ಟುನಿಟ್ಟು: ಸಂವಿಧಾನದ 371ಜೆ ವಿಧಿಯ ಮೀಸಲಾತಿ ಪಕ್ಕದ ಕಲಬುರಗಿ, ಯಾದಗಿರಿಗೆ ಇದೆ, ವಿಜಯಪುರಕ್ಕಿಲ್ಲ. 2016ರಲ್ಲಿ ದಂತವೈದ್ಯರ ಕಾಯ್ದೆಗೆ 10ಡಿ ಕಲಮು ಸೇರಿ ಇಡೀ ದೇಶಕ್ಕೆ ಒಂದೇ ಪ್ರವೇಶ ಪರೀಕ್ಷೆ ಎಂದಾಯಿತು. ನೀಟ್‌ನ ಉತ್ತರ ಪತ್ರಿಕೆಯಲ್ಲಿ ವ್ಯಕ್ತಿತ್ವಕ್ಕೆ ಜಾಗವೇ ಇಲ್ಲ.

ಅಮೆರಿಕದ ಚರಿತ್ರೆ ಬೇರೆ ದಿಕ್ಕಿನಲ್ಲಿ ನಡೆಯಿತು. ಅಲ್ಲೂ 1950ರಿಂದ ರಾಷ್ಟ್ರಮಟ್ಟದ ದಂತವೈದ್ಯಕೀಯ ಪ್ರವೇಶ ಪರೀಕ್ಷೆ ಇದೆ, ಆದರೆ ಅದು ಪತ್ರವನ್ನು ಹೊರದೂಡಲಿಲ್ಲ. 1974ರ ಶಿಕ್ಷಣ ದಾಖಲೆಗಳ ಕಾಯ್ದೆ ವಿದ್ಯಾರ್ಥಿಗೆ ತನ್ನ ಕಡತ ನೋಡುವ ಹಕ್ಕನ್ನು ಕೊಟ್ಟಾಗ ಪ್ರಾಧ್ಯಾಪಕರು ಗಾಬರಿಯಾದರು. ಹಾಗಾಗಿ ವಿದ್ಯಾರ್ಥಿ ತಾನಾಗಿ ಆ ಹಕ್ಕು ಬಿಟ್ಟುಕೊಡಬಹುದೆಂಬ ತಿದ್ದುಪಡಿ ಬಂತು. ಆ ಹಕ್ಕು ಬಿಟ್ಟುಕೊಡುತ್ತೀರಾ ಎಂಬ ಪ್ರಶ್ನೆ ಇಂದಿಗೂ ಅರ್ಜಿಯಲ್ಲಿ ಇರುತ್ತದೆ. ಅಲ್ಲಿ ಬೆಳೆದ ಕನ್ನಡದ ಮಕ್ಕಳು ದಂತವೈದ್ಯ ಪದವಿಗೆ ಅರ್ಜಿ ಹಾಕುವಾಗ ಕೇಂದ್ರೀಕೃತ ವ್ಯವಸ್ಥೆಯಲ್ಲಿ ಗರಿಷ್ಠ ನಾಲ್ಕು ಪತ್ರ ಸೇರಿಸಬಹುದು. ಎಷ್ಟೋ ಕಾಲೇಜುಗಳು ಇಬ್ಬರು ವಿಜ್ಞಾನ ಪ್ರಾಧ್ಯಾಪಕರು ಮತ್ತು ಒಬ್ಬ ದಂತವೈದ್ಯರ ಪತ್ರ ಬಯಸುತ್ತವೆ. ಭಾರತದ ಬಿಡಿಎಸ್ ಪಡೆದವರು ಎರಡು-ಮೂರು ವರ್ಷದ ಮುಂದುವರಿದ ಕೋರ್ಸಿಗೆ ಹೋಗಬೇಕಾದರೆ ತಾವು ಓದಿದ ಕಾಲೇಜಿನ ಡೀನ್ ಅಥವಾ ಪ್ರಾಂಶುಪಾಲರ ಪತ್ರವನ್ನೂ ಹಲವು ಕಡೆ ಕೇಳುತ್ತಾರೆ.

ಇಲ್ಲೇ ನಮ್ಮ ಹುಡುಗರು ಎಡವುವುದು. ‘ನೀವೇ ಒಂದು ಡ್ರಾಫ್ಟ್ ಮಾಡಿಕೊಂಡು ಬನ್ನಿ, ಸಹಿ ಹಾಕ್ತೀನಿ’ ಎನ್ನುವ ರೂಢಿ ನಮ್ಮಲ್ಲಿದೆ. ಪ್ರಾಮಾಣಿಕ, ಶ್ರಮಜೀವಿ, ಸುಶೀಲ ಎಂಬ ಹಳೆಯ ನಡತೆ ಪ್ರಮಾಣಪತ್ರದ ಪದಗಳೇ ಇಂಗ್ಲಿಷಿನಲ್ಲಿ ಬಂದು ಕೂರುತ್ತವೆ. ಅಮೆರಿಕದ ವ್ಯವಸ್ಥೆಯಲ್ಲಿ ಪತ್ರ ಸಲ್ಲಿಸುವ ಕೊಂಡಿ ಹೋಗುವುದು ನೇರವಾಗಿ ಪ್ರಾಧ್ಯಾಪಕರ ಇಮೇಲಿಗೆ. ಪತ್ರ ವಿದ್ಯಾರ್ಥಿಯ ಕೈಗೆ ಬರುವಂತಿಲ್ಲ, ನೆಂಟರು ಬರೆದದ್ದು ನಡೆಯುವುದಿಲ್ಲ. ಓದುವವರಿಗೆ ಬೇಕಾದದ್ದು ನಡೆದ ಒಂದು ಘಟನೆ: ಹೆದರಿ ಬಾಯಿ ತೆರೆಯದ ಮಗುವನ್ನು ಹೇಗೆ ಒಲಿಸಿದಳು, ತಪ್ಪಿದ ಅಳತೆಯನ್ನು ಹೇಗೆ ಒಪ್ಪಿಕೊಂಡು ಮತ್ತೆ ತೆಗೆದಳು.

ಅಂಥ ಘಟನೆಗಳಿಗೆ ವಿಜಯಪುರದ ಸುತ್ತ ಕೊರತೆಯಿಲ್ಲ. ಬಿಡಿಎಸ್‌ನ ನಾಲ್ಕು ವರ್ಷದ ಮೇಲೆ ಒಂದು ವರ್ಷದ ಇಂಟರ್ನ್‌ಶಿಪ್ ಇದೆ, ಅದರಲ್ಲಿ ಸಾರ್ವಜನಿಕ ದಂತ ಆರೋಗ್ಯ ವಿಭಾಗದ ಪಾಳಿಯೂ ಸೇರಿದೆ. ಹಳ್ಳಿಯ ಶಾಲೆಗಳಲ್ಲಿ ಶಿಬಿರ ಹಾಕಿದಾಗ ತಂಬಾಕು ಹಾಕುವವರ ಬಾಯಿ ತೆರೆಸಿ ನೋಡುವುದು, ಅಜ್ಜಿಗೆ ಅವಳದೇ ಮಾತಿನಲ್ಲಿ ತಿಳಿಹೇಳುವುದು ಇಂಟರ್ನ್‌ಗಳ ದಿನದ ಕೆಲಸ. ಪಕ್ಕದಲ್ಲಿ ನಿಂತು ಅದನ್ನು ನೋಡಿದ ಪ್ರಾಧ್ಯಾಪಕರ ನಾಲ್ಕು ಸಾಲು ಡೀನ್ ಸಹಿಯ ಒಂದು ಪುಟಕ್ಕಿಂತ ಹೆಚ್ಚು ತೂಗುತ್ತವೆ. ಅದನ್ನು ಕೇಳಬೇಕಾದದ್ದು ಆ ಪಾಳಿ ಮುಗಿಯುವ ಮುಂಚೆ, ಅವರಿಗೆ ಹೆಸರೂ ಕೆಲಸವೂ ನೆನಪಿರುವಾಗಲೇ.