ಮಾರ್ಮಗೋವಾದ ನಾಲ್ಕು ಹಡಗುಗಳು: ಥ್ರಿಲ್ಲರ್ ಮೊದಲು, ಕಡತ ಆಮೇಲೆ

1943ರ ಮಾರ್ಚ್ 9ರ ನಸುಕಿನಲ್ಲಿ, ಆಗ ಪೋರ್ಚುಗೀಸರ ಕೈಯಲ್ಲಿದ್ದ ಗೋವಾದ ಮಾರ್ಮಗೋವಾ ಬಂದರಿನಲ್ಲಿ ನಾಲ್ಕು ಹಡಗುಗಳು ಹೊತ್ತಿ ಉರಿದು ಮುಳುಗಿದವು. ಏರನ್‌ಫೆಲ್ಸ್, ಬ್ರೌನ್‌ಫೆಲ್ಸ್, ಡ್ರಾಕನ್‌ಫೆಲ್ಸ್ ಜರ್ಮನಿಯವು, ಆನ್ಫೋರಾ ಇಟಲಿಯದು. ಬ್ರಿಟಿಷ್ ನೌಕಾಪಡೆಯ ಕೈಗೆ ಸಿಗದಂತೆ ತಟಸ್ಥ ಪೋರ್ಚುಗಲ್‌ನ ಆಸರೆ ಹಿಡಿದು ವರ್ಷಗಳಿಂದ ಅಲ್ಲೇ ನಿಂತಿದ್ದವು. ಇದರ ಹಿಂದಿನ ಕೈ ಯಾರದೆಂಬ ಪೂರ್ತಿ ಕಥೆ ಹೊರಬಿದ್ದದ್ದು 1978ರಲ್ಲಿ, ಜೇಮ್ಸ್ ಲೀಸರ್ ಬರೆದ ‘ಬೋರ್ಡಿಂಗ್ ಪಾರ್ಟಿ’ಯಿಂದ. 1980ರಲ್ಲಿ ಗ್ರೆಗರಿ ಪೆಕ್, ರೋಜರ್ ಮೂರ್, ಡೇವಿಡ್ ನಿವೆನ್ ನಟಿಸಿದ ‘ದ ಸೀ ವುಲ್ವ್ಸ್’ ಸಿನಿಮಾ ಬಂತು. ಬ್ರಿಟನ್ನಿನ ಗುಪ್ತ ಕಾರ್ಯಾಚರಣೆ ಸಂಸ್ಥೆ ಎಸ್‌ಒಇಯ ಕಡತಗಳು ಸಂಶೋಧಕರಿಗೆ ತೆರೆದುಕೊಂಡದ್ದು 1990ರ ದಶಕದಲ್ಲಿ. ಹೀಗೆ ಥ್ರಿಲ್ಲರ್ ಮುಂದಾಗಿ ದಾಖಲೆ ಹಿಂದೆ ಬಿದ್ದದ್ದರಿಂದ, ಕಥೆಗಾರನ ವಾದವೇ ಪುರಾವೆಯಂತೆ ಚಲಾವಣೆಯಲ್ಲಿದೆ.

ಆ ವಾದ ಇಷ್ಟು. ‘ಟ್ರೊಂಪೆಟಾ’ ಎಂಬ ಗುಪ್ತನಾಮದ ಜರ್ಮನ್ ಗೂಢಚಾರ ರಾಬರ್ಟ್ ಕೋಖ್ ಗೋವಾದಲ್ಲಿ ಕೂತು ಮಿತ್ರರಾಷ್ಟ್ರಗಳ ಹಡಗುಗಳ ಸುದ್ದಿ ಕಲೆಹಾಕುತ್ತಿದ್ದ. ಏರನ್‌ಫೆಲ್ಸ್‌ನಲ್ಲಿ ಅಡಗಿಸಿಟ್ಟಿದ್ದ ರೇಡಿಯೊ ಅದನ್ನು ಜರ್ಮನ್ ಜಲಾಂತರ್ಗಾಮಿಗಳಿಗೆ ಮುಟ್ಟಿಸುತ್ತಿತ್ತು. 1942ರ ಕೊನೆಗೆ ಎಸ್‌ಒಇಯ ಲೂಯಿಸ್ ಪ್ಯೂ ಮತ್ತು ಗ್ಯಾವಿನ್ ಸ್ಟೂವರ್ಟ್ ಕೋಖ್ ದಂಪತಿಯನ್ನು ಅಪಹರಿಸಿದರು. ಆದರೂ ಸಂದೇಶ ನಿಲ್ಲಲಿಲ್ಲ. ತಟಸ್ಥ ನೆಲಕ್ಕೆ ಸೈನ್ಯ ನುಗ್ಗಿಸುವಂತಿರಲಿಲ್ಲ. ಹಾಗಾಗಿ ಕಲ್ಕತ್ತಾ ಲೈಟ್ ಹಾರ್ಸ್ ಎಂಬ ಹವ್ಯಾಸಿ ಪಡೆಯ 14 ಮಂದಿ, ಕಲ್ಕತ್ತಾ ಸ್ಕಾಟಿಷ್‌ನ ನಾಲ್ವರು ದಾಳಿಗೆ ಹೊರಟರು. ಬಹುತೇಕರು ಕಂಪನಿ ಅಧಿಕಾರಿಗಳು, ವ್ಯಾಪಾರಸ್ಥರು, ನಡುವಯಸ್ಸಿನವರು. ‘ಫೀಬಿ’ ಎಂಬ ಹೂಳು ಸಾಗಿಸುವ ದೋಣಿ ಕಲ್ಕತ್ತೆಯಿಂದ ಸಿಂಹಳವನ್ನು ಸುತ್ತಿ ಬಂತು. ಇವರು ರೈಲಿನಲ್ಲಿ ಕೊಚ್ಚಿಗೆ ಹೋಗಿ ಅದನ್ನು ಹತ್ತಿದರು. ದಾಳಿಯ ರಾತ್ರಿ ನಾವಿಕರನ್ನು ಹಡಗುಗಳಿಂದ ದೂರವಿಡಲೆಂದು ದಡದಲ್ಲಿ ಅವರಿಗೆ ಪುಕ್ಕಟೆ ಮೋಜು ಏರ್ಪಾಡಾಗಿತ್ತು. ಏರನ್‌ಫೆಲ್ಸ್‌ನ ಕಪ್ತಾನ ರೋಫರ್ ಸತ್ತ. ದಾಳಿಕೋರರಲ್ಲಿ ಯಾರೂ ಸಾಯಲಿಲ್ಲ. ಸಿನಿಮಾ ಇದಕ್ಕೊಬ್ಬ ಚೆಲುವೆ ಗೂಢಚಾರಿಣಿಯನ್ನೂ ಸೇರಿಸಿತು. ಬಂಡವಾಳ ಹಾಕಿದವರ ಕಷ್ಟ ನಮಗೂ ಅರ್ಥವಾಗುತ್ತದೆ.

ದಾಳಿ ನಡೆದದ್ದರಲ್ಲಿ ಸಂಶಯವಿಲ್ಲ. ಸಂಶಯ ಇರುವುದು ಕಾರಣದಲ್ಲಿ. 1943ರ ಆರಂಭದಲ್ಲಿ ‘ಜೀಹುಂಡ್’ ಗುಂಪಿನ ಜರ್ಮನ್ ಜಲಾಂತರ್ಗಾಮಿಗಳು ಬೇಟೆಯಾಡುತ್ತಿದ್ದುದು ದಕ್ಷಿಣ ಆಫ್ರಿಕಾದ ಕೇಪ್ ಸುತ್ತಮುತ್ತ. ಅಲ್ಲಿಗೂ ಗೋವಾಕ್ಕೂ ಸಾವಿರಾರು ಮೈಲಿ. ಬಂದರು ಬಿಟ್ಟ ಹಡಗಿನ ಸುದ್ದಿ ಅಷ್ಟು ದೂರದಲ್ಲಿ, ಅಷ್ಟು ದಿನಗಳ ಮೇಲೆ, ಗುರಿಯಿಡಲು ಎಷ್ಟು ಉಪಯೋಗಕ್ಕೆ ಬಂದೀತು? ದಾಳಿಯ ನಂತರ ಮಿತ್ರರಾಷ್ಟ್ರಗಳ ಹಡಗು ನಷ್ಟ ತಗ್ಗಿತು ಎಂಬ ವಾದವೂ ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಗಂಟು ಹಾಕಿದಂತಿದೆ.

ನನ್ನ ದೃಷ್ಟಿಯಲ್ಲಿ ರೇಡಿಯೊಗಿಂತ ಹಡಗೇ ದೊಡ್ಡ ಭಯ. ಏರನ್‌ಫೆಲ್ಸ್‌ನ ಸೋದರಿ ಹಡಗು ಗೋಲ್ಡನ್‌ಫೆಲ್ಸ್. ಅದಕ್ಕೆ ತೋಪು ಕೂರಿಸಿ ಜರ್ಮನರು ‘ಅಟ್ಲಾಂಟಿಸ್’ ಎಂಬ ವೇಷಧಾರಿ ಯುದ್ಧನೌಕೆ ಮಾಡಿದ್ದರು. ಅದು ಹಿಂದೂ ಮಹಾಸಾಗರದಲ್ಲಿ ಎಬ್ಬಿಸಿದ ಹಾವಳಿ, 1940ರ ನವೆಂಬರಿನಲ್ಲಿ ಆಟೊಮೆಡಾನ್ ಹಡಗಿನಿಂದ ವಶಪಡಿಸಿಕೊಂಡ ಗುಪ್ತಪತ್ರಗಳು, ಬ್ರಿಟಿಷರು ಮರೆಯುವಂಥವಲ್ಲ. ಅಂಥದೇ ಇನ್ನೊಂದು ವೇಗದ ಹಡಗು ಮಾರ್ಮಗೋವಾದಲ್ಲಿ ಲಂಗರು ಹಾಕಿತ್ತು. ದಾಳಿಯ ರಾತ್ರಿ ಅದು ಸೆರೆ ಸಿಗಬಾರದೆಂದು ಜರ್ಮನ್ ಸಿಬ್ಬಂದಿಯೇ ಕವಾಟ ತೆರೆದು ನೀರು ನುಗ್ಗಿಸಿದರು. ಉಳಿದ ಮೂರು ಹಡಗುಗಳನ್ನೂ ಅವುಗಳ ಸಿಬ್ಬಂದಿಯೇ ಮುಳುಗಿಸಿದ್ದರಿಂದ ದಾಳಿಕೋರರು ಅವನ್ನು ಮುಟ್ಟುವ ಅಗತ್ಯವೇ ಬೀಳಲಿಲ್ಲ.

ತಟಸ್ಥತೆ ಎಂಬುದೂ ಅಷ್ಟು ಗಟ್ಟಿಯಾಗಿರಲಿಲ್ಲ. ನಮ್ಮ ಉತ್ತರ ಕನ್ನಡದ ಕ್ಯಾಸಲ್‌ರಾಕ್‌ನಿಂದ ಘಟ್ಟ ಇಳಿದು ಬಂದರಿಗೆ ಹೋಗುವ ರೈಲುಮಾರ್ಗವನ್ನು ನಡೆಸುತ್ತಿದ್ದುದು ಬ್ರಿಟಿಷ್ ಭಾರತದ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ. ಬಂದರಿನ ಮೇಲೆ ಕಣ್ಣಿಡಲು ಅದಕ್ಕಿಂತ ಒಳ್ಳೆಯ ಕಿಟಕಿ ಬೇಕೆ? ಆದರೂ ಕಾಗದದ ಮೇಲಿನ ತಟಸ್ಥತೆ ಲಂಡನ್ನಿಗೆ ಬೇಕಾಗಿತ್ತು. 1943ರ ಆಗಸ್ಟಿನಲ್ಲಿ, 1373ರ ಹಳೆಯ ಮೈತ್ರಿಯ ಹೆಸರಿನಲ್ಲಿ, ಅದು ಪೋರ್ಚುಗಲ್‌ನಿಂದ ಅಜೋರ್ಸ್ ನೆಲೆಗಳನ್ನು ಪಡೆಯಿತು. ಅಕ್ಟೋಬರಿನಲ್ಲಿ ಜಪಾನಿನ ‘ತೇಯಾ ಮಾರು’, ಅಮೆರಿಕದ ಕಡೆಯ ‘ಗ್ರಿಪ್ಸ್‌ಹೋಮ್’ ಎರಡೂ ಇದೇ ಮಾರ್ಮಗೋವಾಕ್ಕೆ ಬಂದು, ಸೆರೆಯಲ್ಲಿದ್ದ ತಲಾ ಸುಮಾರು 1,500 ನಾಗರಿಕರನ್ನು ಅದಲುಬದಲು ಮಾಡಿಕೊಂಡವು. ಮಾರ್ಚಿನ ಗುಟ್ಟು ಆಗಲೇ ಬಯಲಾಗಿದ್ದರೆ ಈ ವಿನಿಮಯ ನಡೆಯುತ್ತಿತ್ತೇ ಎಂದು ಲೀಸರ್ ಕೇಳುವುದಿಲ್ಲ. ಸಿನಿಮಾವಂತೂ ಅಲ್ಲಿಯವರೆಗೆ ಬರುವುದೇ ಇಲ್ಲ.