ಕಡೂರು ಸೀಮೆಯ ಸಸ್ಯಗಳು: ಬೆಟ್ಟವನ್ನು ಬರೆದರು, ಬಯಲನ್ನು ಬಿಟ್ಟರು

ಬೀರೂರು ಕಡೆಯ ಕಾವಲೊಂದರಲ್ಲಿ ಗಿಡ ನೆಡುವ ಕಾರ್ಯಕ್ರಮಕ್ಕೆ ನನ್ನನ್ನೂ ಕರೆದಿದ್ದರು. ಮೊದಲ ಮಳೆ ಬಿದ್ದು ವಾರವಾಗಿತ್ತು. ಮೈಕಿನ ಮುಂದೆ ನಿಂತವರೆಲ್ಲ ಆ ನೆಲವನ್ನು ಬಂಜರು ಎಂದರು, ಪಾಳು ಎಂದರು. ಶಾಲೆಯ ಮಕ್ಕಳು ಸಾಲಾಗಿ ನಿಂತು ಬೀಜದುಂಡೆ ಎಸೆದರು. ನನ್ನ ಕಾಲಬುಡದಲ್ಲೇ ನೆಲತಾಳೆ ಹಳದಿ ಹೂ ಬಿಟ್ಟಿತ್ತು. ಒಂದು ಗೇಣು ಆಚೆಗೆ ವಿಷ್ಣುಕಾಂತಿಯ ನೀಲಿ ಚುಕ್ಕೆಗಳು. ಹೊರಡುವಾಗ ಕೈಗಿತ್ತ ಪುಸ್ತಿಕೆಯಲ್ಲಿ ‘ಕಡೂರಿನ ಸಸ್ಯಸಂಪತ್ತು’ ಎಂದು ಒಂದು ಪಟ್ಟಿ ಇತ್ತು. ಅದರಲ್ಲಿ ಕುರಿಂಜಿ ಇತ್ತು, ಶೋಲಾ ಕಾಡಿನ ಮರಗಳಿದ್ದವು, ಆರ್ಕಿಡ್‌ಗಳಿದ್ದವು. ನಾವು ನಿಂತಿದ್ದ ನೆಲದ ಒಂದು ಹುಲ್ಲೂ ಇರಲಿಲ್ಲ.

ಈ ತಪ್ಪು ಆ ಪುಸ್ತಿಕೆಯಿಂದ ಶುರುವಾದದ್ದಲ್ಲ, ತುಂಬ ಹಳೆಯದು. 1947ರವರೆಗೆ ಕಡೂರು ಎಂಬುದು ಇಡೀ ಜಿಲ್ಲೆಯ ಹೆಸರು. ಕಚೇರಿಗಳು 1865ರಲ್ಲೇ ಚಿಕ್ಕಮಗಳೂರಿಗೆ ಹೋದವು, ಹೆಸರು ಮಾತ್ರ ಹಾಗೇ ಉಳಿಯಿತು. ಆ ಕಾಲದ ಗ್ರಂಥಗಳಲ್ಲಿ, ಒಣಗಿಸಿ ಅಂಟಿಸಿದ ಸಸ್ಯದ ಹಾಳೆಗಳಲ್ಲಿ ‘ಕಡೂರು’ ಎಂದು ಬರೆದಿದ್ದರೆ ಅದು ಬಾಬಾಬುಡನ್ ಗಿರಿಯೂ ಆಗಬಹುದು, ಕೊಪ್ಪದ ಮಳೆಕಾಡೂ ಆಗಬಹುದು. ಹಳೆಯ ದಾಖಲೆಯನ್ನು ಈಗಿನ ತಾಲ್ಲೂಕಿನ ನಕ್ಷೆಯ ಮೇಲೆ ಇಟ್ಟು ಓದಿದರೆ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಕಾಣುವ ಬಯಲಿಗೆ ಬೆಟ್ಟದ ಗಿಡಗಳು ಬಂದು ಕೂರುತ್ತವೆ. ಬಯಲಿನ ಗಿಡಗಳಿಗೆ ಜಾಗವೇ ಉಳಿಯುವುದಿಲ್ಲ.

ಕಡೂರು, ತರೀಕೆರೆ, ಅಜ್ಜಂಪುರ ಸೇರಿದ ಇಷ್ಟು ಚಿಕ್ಕ ಸೀಮೆಯಲ್ಲಿ ಇಷ್ಟೊಂದು ಬಗೆಯ ನೆಲ ಕರ್ನಾಟಕದಲ್ಲಿ ಹೆಚ್ಚು ಕಡೆ ಸಿಗದು. ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿ 1,434 ಮೀಟರ್ ಎತ್ತರದಲ್ಲಿದೆ. ಅಲ್ಲಿ ಮಂಜು, ಜಿಟಿಜಿಟಿ ಮಳೆ, ಕಣಿವೆಗಳಲ್ಲಿ ಶೋಲಾ. ಕಲ್ಲತ್ತಿಗಿರಿಯಿಂದ ಕೆಳಗಿಳಿದರೆ ಲಕ್ಕವಳ್ಳಿಯ ತೇಗ, ಕರಿಮತ್ತಿ, ಹೊನ್ನೆ, ಬೀಟೆ, ನಂದಿ. ತರೀಕೆರೆ ಪೇಟೆ ದಾಟಿ ಮೂಡಲಿಗೆ ಹೊರಟರೆ ದಿಂಡಿಗ, ಕಗ್ಗಲಿ, ಮುತ್ತುಗ. ಆಮೇಲೆ ಬಂದರಿಕೆ, ತಂಗಡಿ, ಕವಳೆ, ಕಾರೆಯ ಕುರುಚಲು. ಈಚೆಗೆ ತರೀಕೆರೆಯಿಂದ ಬೇರೆಯಾಗಿ ತಾಲ್ಲೂಕಾದ ಅಜ್ಜಂಪುರ ಮುಟ್ಟುವ ಹೊತ್ತಿಗೆ ಎರೆಮಣ್ಣು. ಬೆಳಿಗ್ಗೆ ಬೆಟ್ಟದಲ್ಲಿ ಜರೀಗಿಡ ನೋಡಿದವನು ಮಧ್ಯಾಹ್ನದ ಊಟಕ್ಕೆ ಮುಂಚೆ ಕರಿಜಾಲಿಯ ನೆರಳಿನಲ್ಲಿ ಕೂರಬಹುದು.

ಈ ಗಿಡಗಳನ್ನು ಬರೆದಿಡಲು ಮೊದಲು ಬಂದವರ ಕತೆಯನ್ನು ಬೇಗ ಹೇಳಿಬಿಡುತ್ತೇನೆ. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆಯನ್ನು ಸುತ್ತಲು ಹೊರಟ. ಅವನ ಮೂರು ಸಂಪುಟಗಳು 1807ರಲ್ಲಿ ಅಚ್ಚಾದವು. ಅವನ ಕಣ್ಣು ಕಂದಾಯ ತರುವ ಬೆಳೆ, ಬಣ್ಣ, ಮರಮುಟ್ಟಿನ ಕಡೆಗೇ ಹೆಚ್ಚು. 1840ರ ದಶಕದಲ್ಲಿ ಶಿವಮೊಗ್ಗದಲ್ಲಿ ವೈದ್ಯನಾಗಿದ್ದ ಹ್ಯೂ ಕ್ಲೆಗಾರ್ನ್ ಸ್ಥಳೀಯ ಚಿತ್ರಕಾರನಿಂದ ದಿನಕ್ಕೊಂದು ಗಿಡದ ಚಿತ್ರ ಬರೆಸುತ್ತಿದ್ದ. ಆ ಚಿತ್ರಗಳು ಈಗ ಎಡಿನ್‌ಬರೊದಲ್ಲಿವೆ. ಬೇಲಿ ಗಿಡಗಳ ಬಗ್ಗೆ ಅವನು ಬರೆದ ಲೇಖನವನ್ನು ನಮ್ಮ ಕಡೆಯವರು ಓದಬೇಕು, ಬಯಲುಸೀಮೆಯ ಬೇಲಿಯೂ ಒಂದು ಸಸ್ಯನೆಲೆ ಎಂದು ಗಮನಿಸಿದವರು ಕಡಿಮೆ. ಹೂಕರನ ಬ್ರಿಟಿಷ್ ಇಂಡಿಯಾದ ಸಸ್ಯಗ್ರಂಥ, ರೈಸ್ ಅವರ ಗೆಜೆಟಿಯರ್, ಗ್ಯಾಂಬಲ್ ಮದರಾಸು ಪ್ರಾಂತ್ಯಕ್ಕೆ ಬರೆದದ್ದು, ಇವೆಲ್ಲ ದೊಡ್ಡ ಕೆಲಸಗಳೇ; ನಮ್ಮ ಬಯಲಿಗೆ ಅವುಗಳಿಂದ ಸಿಕ್ಕಿದ್ದು ಕೆಲವು ಸಾಲು. 1894ರಲ್ಲಿ ಮಾತ್ರ ಎರಡು ಒಳ್ಳೆಯ ಸಂಗತಿ ಒಟ್ಟಿಗೆ ನಡೆದವು. ಲಾಲ್‌ಬಾಗಿನ ಜಾನ್ ಕ್ಯಾಮರಾನ್ ಮೈಸೂರು ಮತ್ತು ಕೊಡಗಿನ ಕಾಡುಮರಗಳ ಪುಸ್ತಕದ ಹೊಸ ಆವೃತ್ತಿ ತಂದರು, ಕಿಟೆಲ್ ಅವರ ನಿಘಂಟು ಮಂಗಳೂರಿನಲ್ಲಿ ಹೊರಬಂತು. ಒಂದರಲ್ಲಿ ಮರಗಳು, ಇನ್ನೊಂದರಲ್ಲಿ ಗಿಡಗಳ ಕನ್ನಡ ಹೆಸರುಗಳು. ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ಕೆಲಸ ಮಾಡುವವರು ಬರುವುದಕ್ಕೆ ಬಹಳ ಕಾಲ ಹಿಡಿಯಿತು.

ನಮ್ಮ ಪೀಳಿಗೆಗೆ ಕಣ್ಣು ಕೊಟ್ಟದ್ದು 1976. ಆ ವರ್ಷ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಬಂತು. ಸಸ್ಯಶಾಸ್ತ್ರವನ್ನು ಕನ್ನಡದಲ್ಲಿ ಉಸಿರಾಡಬಹುದು ಎಂದು ನಂಬಿಸಿತು. ಅದೇ ವರ್ಷ ಬೆಂಗಳೂರಿನ ಸೇಂಟ್ ಜೋಸೆಫ್ ಕಾಲೇಜಿನ ಸಿಸಿಲ್ ಸಾಲ್ಡಾನಾ ಮತ್ತು ಸ್ಮಿತ್ಸೋನಿಯನ್ ಸಂಸ್ಥೆಯ ಡ್ಯಾನ್ ನಿಕಲ್ಸನ್ ಸಂಪಾದಿಸಿದ ಹಾಸನ ಜಿಲ್ಲೆಯ ಸಸ್ಯಗ್ರಂಥ ಬಂತು. ಹಾಸನದ ಪುಸ್ತಕ ಕಡೂರಿನವರಿಗೇಕೆ ಎಂದು ಕೇಳಬಹುದು. ಅರಸೀಕೆರೆ, ಬಾಣಾವರ ಹಾಸನ ಜಿಲ್ಲೆಗೆ ಸೇರಿವೆ. ಅಲ್ಲಿನ ಒಣನೆಲ ಗಡಿ ದಾಟಿ ಹಾಗೇ ಕಡೂರಿಗೆ ಬರುತ್ತದೆ. ನಾನು ಮೊದಲ ಸಲ ಒಂದು ಗಿಡವನ್ನು ಸ್ವಂತ ಬಲದಿಂದ ಗುರುತಿಸಿದ್ದು ಆ ಪುಸ್ತಕದ ಕೀಲಿ ಹಿಡಿದೇ. ಹೂವು ಬಿಡಿಸು, ಅಂಡಾಶಯ ಸೀಳು, ಕೋಣೆ ಎಣಿಸು, ಮುಂದಿನ ಸಂಖ್ಯೆಗೆ ಹೋಗು. ಬರೆದವರು ಆ ಗಿಡವನ್ನು ತಾವೇ ಕಿತ್ತು, ಒತ್ತಿ, ನೋಡಿದ್ದಾರೆ ಎಂಬುದು ಪ್ರತಿ ಪುಟದಲ್ಲೂ ಗೊತ್ತಾಗುತ್ತದೆ. ಹಳೆಯ ಗ್ರಂಥಗಳಿಂದ ಹೆಸರು ಎತ್ತಿ ಪಟ್ಟಿ ಮಾಡುವುದು ಬೇರೆ, ಇದು ಬೇರೆ. ಸಾಲ್ಡಾನಾ ಮುಂದೆ 1984 ಮತ್ತು 1996ರಲ್ಲಿ ಕರ್ನಾಟಕದ ಸಸ್ಯಗ್ರಂಥದ ಎರಡು ಸಂಪುಟ ತಂದರು. ಅವರು ಕೂಡಿಸಿದ ಹಾಳೆಗಳು ಈಗ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿವೆ.

ನಮ್ಮದೇ ಜಿಲ್ಲೆಯ ಗ್ರಂಥ 1981ರಲ್ಲಿ ಬಂತು: ಯೋಗನರಸಿಂಹನ್, ಸುಬ್ರಹ್ಮಣ್ಯಂ, ರಾಜಿ ಮೂವರದು. ಆ ಪುಸ್ತಕಕ್ಕೆ ನಾವೆಲ್ಲ ಋಣಿಗಳು, ಇಂದಿಗೂ ಅದೇ ಆಧಾರ. ಆದರೂ ಅದರ ಒಲವು ಬೆಟ್ಟ ಮತ್ತು ಮಲೆನಾಡಿನ ಕಡೆಗೆ. ಅಪರೂಪದ ಗಿಡ ಅಲ್ಲಿದೆ, ಹೊಸ ದಾಖಲೆ ಅಲ್ಲಿದೆ, ಸಂಗ್ರಹಕಾರನ ಕಾಲು ಅಲ್ಲಿಗೇ ಎಳೆಯುತ್ತದೆ. ಅದನ್ನು ತಪ್ಪು ಎನ್ನಲಾರೆ. 1987ರಲ್ಲಿ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯ ಬಂದ ಮೇಲೆ ಭದ್ರಾ ಕಾಡು ವಿದ್ಯಾರ್ಥಿಗಳ ಮನೆಯಂಗಳವಾಯಿತು. 1974ರಲ್ಲಿ ಅಭಯಾರಣ್ಯವಾಗಿದ್ದ ಭದ್ರಾ 1998ರಲ್ಲಿ ಹುಲಿ ಯೋಜನೆಗೆ ಸೇರಿತು. ಹಣವೂ ಗಮನವೂ ಅತ್ತ ಹೋದವು. ಕಾಡಿನಿಂದ ಹೊರಕ್ಕೆ ಸ್ಥಳಾಂತರಗೊಂಡ ಹಳ್ಳಿಗಳ ಗದ್ದೆಬಯಲಿನಲ್ಲಿ ಯಾವ ಹುಲ್ಲು ಮೊದಲು ಬಂತು, ಎಲ್ಲಿ ಲಾಂಟಾನ ಕವಿಯಿತು ಎಂದು ನೋಡುವವರಿದ್ದಾರೆ. ಬೀರೂರಿನ ಕಾವಲಿಗೆ ಅಂಥ ಕಣ್ಣು ಬೀಳಲಿಲ್ಲ.

ಕಾವಲು ಅಂದರೆ ಏನೆಂದು ಗೊತ್ತಿರುವವರೂ ಕಡಿಮೆಯಾಗುತ್ತಿದ್ದಾರೆ. ಚಿಕ್ಕದೇವರಾಜ ಒಡೆಯರ ದನಗಳ ಇಲಾಖೆಯಾದ ಬೆಣ್ಣೆ ಚಾವಡಿಯೇ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. ಸೈನ್ಯದ ಎತ್ತುಗಳಿಗೆಂದು ಮೈಸೂರು ಸೀಮೆಯಲ್ಲಿ ಲಕ್ಷಗಟ್ಟಲೆ ಎಕರೆ ಹುಲ್ಲುಗಾವಲು ಕಾಯ್ದಿಟ್ಟರು. ಅಜ್ಜಂಪುರದಲ್ಲಿ ಅಮೃತಮಹಲ್ ದನದ ತಳಿಯ ಸಂವರ್ಧನಾ ಕೇಂದ್ರ ಇಂದಿಗೂ ಇದೆ. ಕಡೂರು ತಾಲ್ಲೂಕಿನ ಬಾಸೂರು ಕಾವಲನ್ನು 2011ರಲ್ಲಿ ಸಂರಕ್ಷಣಾ ಮೀಸಲು ಎಂದು ಸಾರಿದರು, ಅಲ್ಲಿನ ಕೃಷ್ಣಮೃಗಗಳ ದೆಸೆಯಿಂದ. ಹುಲ್ಲಿನ ದೆಸೆಯಿಂದ ಅಲ್ಲ. ಕೃಷ್ಣಮೃಗ ತಿನ್ನುವುದು ಹುಲ್ಲನ್ನೇ ಆದರೂ ಆ ಹುಲ್ಲು ಯಾವುವು, ಎಷ್ಟು ಬಗೆ ಎಂದು ಕೇಳಿದರೆ ತೆಗೆದು ತೋರಿಸಲು ಒಂದು ಪುಸ್ತಕವಿಲ್ಲ.

ಊಬಿನ ಹುಲ್ಲನ್ನೇ ನೋಡಿ. ಅಕ್ಟೋಬರಿನಲ್ಲಿ ಕಾವಲು ನಡೆದು ಬಂದವರ ಪಂಚೆಗೆಲ್ಲ ಚುಚ್ಚಿಕೊಳ್ಳುವ ಹುಲ್ಲು ಇದೇ, ಶಾಸ್ತ್ರದಲ್ಲಿ ಹೆಟೆರೊಪೋಗಾನ್ ಕಂಟಾರ್ಟಸ್. ಒಂದು ಕಾಳನ್ನು ಬಿಡಿಸಿ ಅಂಗೈ ಮೇಲೆ ಇಟ್ಟುಕೊಳ್ಳಿ. ತುದಿಯಲ್ಲಿ ಸೂಜಿಯಂಥ ಮೊನೆ, ಮೊನೆಯ ಮೇಲೆ ಹಿಂದಕ್ಕೆ ಬಾಗಿದ ರೋಮ, ಅದರ ಹಿಂದೆ ಹಗ್ಗ ಹೊಸೆದಂತೆ ಸುತ್ತಿದ ಕಂದು ಊಬು. ಒಂದು ಹನಿ ನೀರು ಬಿಡಿ. ಊಬು ಮೆಲ್ಲಗೆ ಹೊಸೆತ ಬಿಚ್ಚಿಕೊಂಡು ಸುತ್ತುತ್ತದೆ, ಕಾಳು ಅಂಗೈಯಲ್ಲಿ ಹೊರಳುತ್ತದೆ. ಒಣಗಿದಾಗ ಮತ್ತೆ ಹೊಸೆದುಕೊಳ್ಳುತ್ತದೆ. ರಾತ್ರಿಯ ಇಬ್ಬನಿಗೆ ಬಿಚ್ಚಿ, ಹಗಲಿನ ಬಿಸಿಲಿಗೆ ಸುತ್ತಿ, ಬೈರಿಗೆ ತಿರುಗಿಸಿದಂತೆ ಕಾಳು ಮಣ್ಣೊಳಗೆ ಇಳಿಯುತ್ತದೆ. ರೋಮಗಳು ಹಿಂದೆ ಬರಗೊಡವು. ಮಾರ್ಚಿನಲ್ಲಿ ಕಾವಲಿಗೆ ಬೆಂಕಿ ಬಿದ್ದರೂ ಬೀಜ ಮಣ್ಣಿನಡಿ ಸುಖವಾಗಿರುತ್ತದೆ. ಬಿಸಿಲು, ಬೆಂಕಿ, ದನದ ಬಾಯಿ ಮೂರಕ್ಕೂ ಒಗ್ಗಿದ ಈ ಹುಲ್ಲು ತಾಳದಿರುವುದು ಒಂದನ್ನೇ, ನೆರಳನ್ನು. ಕಾವಲಿನಲ್ಲಿ ನೀಲಗಿರಿ, ಅಕೇಶಿಯಾ ನೆಟ್ಟಾಗ ಮೊದಲು ಹೋಗುವುದು ಇದೇ.

ಕಾವಲು ಬಂಜರು ಎಂಬ ಮಾತಿಗೆ ಅರಣ್ಯಶಾಸ್ತ್ರದ ಬೆಂಬಲವೂ ಇತ್ತು. 1968ರ ಚಾಂಪಿಯನ್ ಮತ್ತು ಸೇಠ್ ವರ್ಗೀಕರಣದಲ್ಲಿ ಒಣ ಕುರುಚಲು, ಮರ ಚದುರಿದ ಹುಲ್ಲುನೆಲ ಇಂಥವು ಕಾಡು ಕೆಟ್ಟ ಹಂತಗಳು. ಕೆಟ್ಟದ್ದನ್ನು ಸರಿಮಾಡಲು ಮರ ನೆಡಬೇಕು ಎಂಬುದು ಅದರ ಮುಂದಿನ ಹೆಜ್ಜೆ. ಬೆಂಗಳೂರಿನ ಜಯಶ್ರೀ ರತ್ನಂ ಮತ್ತು ಸಂಗಡಿಗರು 2011ರಲ್ಲಿ ಇದನ್ನು ಎದುರಿಸಿ ಬರೆದರು: ಹುಲ್ಲಿನ ನೆಲಹಾಸಿರುವ ಇಂಥ ಕಾಡುಗಳಲ್ಲಿ ಎಷ್ಟೋ ಸವಾನ್ನಾಗಳು, ಕಾಡಿನ ಅಳತೆಗೋಲು ಅವಕ್ಕೆ ಸಲ್ಲದು. ಆಮೇಲೆ ಮಧುಸೂದನ್ ಮತ್ತು ಅಬಿ ವನಕ್ ದೇಶದ ಅರೆಒಣ ಬಯಲುಗಳ ನಕ್ಷೆ ಮಾಡಿದರು. ಈ ನೆಲ ಕೆಟ್ಟ ಕಾಡಲ್ಲ ಎಂಬುದು ಕಾವಲಿನ ದನ ಕಾಯುವವರಿಗೆ ಹೊಸ ಮಾತಲ್ಲ. ನನ್ನ ಮಟ್ಟಿಗೆ ಕಳೆದ ಐವತ್ತು ವರ್ಷಗಳಲ್ಲಿ ಬಯಲುಸೀಮೆಗೆ ವಿಜ್ಞಾನದಿಂದ ಬಂದ ಬಹು ಮುಖ್ಯವಾದ ಮಾತು ಇದು.

ಹೊರಗಿಂದ ಬಂದ ಗಿಡಗಳ ಬಗ್ಗೆಯೂ ಈಗ ಎರಡು ಅತಿ ಕೇಳುತ್ತೇವೆ. ಬಂದದ್ದೆಲ್ಲ ಶತ್ರು ಎನ್ನುವವರು ಒಂದು ಕಡೆ, ಹಸಿರಿದ್ದರೆ ಸಾಕು ಎನ್ನುವವರು ಇನ್ನೊಂದು ಕಡೆ. ನಮ್ಮ ಹುಣಸೆಯೂ ಆಫ್ರಿಕಾದ್ದು. ಅದಿಲ್ಲದೆ ಕಡೂರಿನ ಸಾರಿಲ್ಲ. ನೋಡಬೇಕಾದ್ದು ಯಾವ ಗಿಡ, ಯಾವ ನೆಲದಲ್ಲಿ, ಯಾವುದರ ಜಾಗ ಕಿತ್ತುಕೊಂಡಿತು ಎಂಬುದನ್ನು. ಬೇಲಿಗೆಂದು ಬಂದ ಪಾಪಾಸುಕಳ್ಳಿ ಒಂದು ಕಾಲಕ್ಕೆ ಹೊಲ, ಗೋಮಾಳ ನುಂಗಿತ್ತು. 1926ರ ಸುಮಾರಿಗೆ ತಂದುಬಿಟ್ಟ ಕೊಚಿನೀಲ್ ಹುಳು ಅದನ್ನು ಅಡಗಿಸಿತು. 1809ರಲ್ಲಿ ಕಲ್ಕತ್ತದ ತೋಟಕ್ಕೆ ಅಲಂಕಾರಕ್ಕೆ ಬಂದ ಲಾಂಟಾನ ಭದ್ರೆಯ ತಪ್ಪಲಲ್ಲಿ ಪೊದೆಗಟ್ಟಿ ನಿಂತಿದೆ, ಅದರಡಿ ತೇಗದ ಸಸಿಯೂ ಮೇಲೇಳದು. ಬಳ್ಳಾರಿ ಜಾಲಿ ಬಂದದ್ದು 1877ರಲ್ಲಿ. ಈಗ ನಮ್ಮ ಕೆರೆಗಳ ಒಡಲಲ್ಲೇ ಬೇರು ಬಿಟ್ಟಿದೆ. ಪುಣೆಯಲ್ಲಿ 1950ರ ದಶಕದ ನಡುವೆ ಕಣ್ಣಿಗೆ ಬಿದ್ದ ಪಾರ್ಥೇನಿಯಂ, ನಮ್ಮವರ ಬಾಯಲ್ಲಿ ಕಾಂಗ್ರೆಸ್ ಗಿಡ, ಕೆದಕಿದ ನೆಲವನ್ನು ಹಿಡಿಯುತ್ತದೆ. ಕೆದಕದ ಕಾವಲಿನ ನಡುವೆ ಅದು ಅಷ್ಟಾಗಿ ಕಾಣುವುದಿಲ್ಲ. ರಸ್ತೆಯಂಚಿಗೆ, ಸಸಿ ನೆಡಲು ತೋಡಿದ ಗುಂಡಿಗಳ ಸುತ್ತ ಕಾಣುತ್ತದೆ. ಇದನ್ನು ನಾನು ವರ್ಷವರ್ಷ ನೋಡಿದ್ದೇನೆ.

ಕೆರೆಗಳ ಮಾತು ಬಂದಾಗ ಅಯ್ಯನಕೆರೆ, ಮದಗದಕೆರೆ ನೆನಪಾಗುತ್ತವೆ. ಬಾಬಾಬುಡನ್ ಗಿರಿಯಿಂದ ಇಳಿದ ವೇದಾ, ಆವತಿ ಹೊಳೆಗಳ ನೀರು ಇವುಗಳಲ್ಲಿ ತಂಗಿ, ಮುಂದೆ ಕಡೂರಿನ ಬಳಿ ಕೂಡಿ ವೇದಾವತಿಯಾಗುತ್ತದೆ. ಚಳಿಗಾಲದಲ್ಲಿ ನೀರು ಹಿಂದೆ ಸರಿದಂತೆ ಕೆರೆಯಂಗಳದಲ್ಲಿ ಪಟ್ಟೆಪಟ್ಟೆಯಾಗಿ ಗಿಡ ಹುಟ್ಟುತ್ತವೆ. ನೀರಂಚಿಗೆ ಜೊಂಡು, ಹಸಿಮಣ್ಣಿನಲ್ಲಿ ಒಂದೆಲಗ, ಬಿರುಕು ಬಿಟ್ಟ ಜಾಗದಲ್ಲಿ ನೆಲಕ್ಕೆ ಅಂಟಿದ ಕೋಲ್ಡೇನಿಯ. ಸುಬ್ರಹ್ಮಣ್ಯಂ 1962ರಲ್ಲೇ ಜಲಸಸ್ಯಗಳ ಪುಸ್ತಕ ಬರೆದವರು. ಆ ದಾರಿಯನ್ನು ನಮ್ಮ ಕೆರೆಗಳಿಗೆ ತಂದವರಿಲ್ಲ. ಅಜ್ಜಂಪುರದ ಎರೆಹೊಲದ ಬದುಗಳದ್ದೂ ಇದೇ ಪಾಡು. ಬದುವಿನ ತುಂಬೆ, ಅಣ್ಣೆ, ಉತ್ತರಾಣಿಗಳನ್ನು ಯಾರೂ ಸಂಗ್ರಹಿಸುವುದಿಲ್ಲ. ಈರುಳ್ಳಿ ಹೊಲಗಳಿಗೆ ಕಳೆನಾಶಕ ಬಂದ ಮೇಲೆ ಬದುವೂ ಬೋಳಾಗುತ್ತಿದೆ. ಭದ್ರಾ ಮೇಲ್ದಂಡೆ ಯೋಜನೆಯ ನೀರು ಅಜ್ಜಂಪುರದ ಸುರಂಗ ದಾಟಿ ಹರಿದಲ್ಲೆಲ್ಲ ಒಣನೆಲದ ಗಿಡ ಹೋಗಿ ಹಸಿನೆಲದ ಕಳೆ ಬರುತ್ತದೆ. ಮೊದಲು ಏನಿತ್ತು ಎಂದು ಬರೆದಿಟ್ಟಿರಬೇಕು.

ನಾನೂ ಬರೆದಿಟ್ಟಿದ್ದೆ. ಕಾವಲಿನ ದನಗಾಹಿಗಳ ಮುಖ್ಯಸ್ಥರಾಗಿದ್ದ ಒಬ್ಬ ಹಿರಿಯ ಸೇರ್ವೆಗಾರರ ಹಿಂದೆ ಎರಡು ಮಳೆಗಾಲ ತಿರುಗಿ ಹುಲ್ಲುಗಳನ್ನು ಒತ್ತಿ, ಅವರು ಹೇಳಿದ ಹೆಸರುಗಳೊಂದಿಗೆ ಅಂಟಿಸಿದ್ದೆ. ಹಂಚಿ ಹುಲ್ಲನ್ನು ಪೊರಕೆಗೆ ಯಾವ ತಿಂಗಳು ಕೊಯ್ಯಬೇಕು, ಯಾವ ಹುಲ್ಲನ್ನು ಕರು ಹಾಕಿದ ಹಸು ಮುಟ್ಟುವುದಿಲ್ಲ ಎಂದೆಲ್ಲ ಅವರು ಬೆರಳಿಟ್ಟು ತೋರಿಸುತ್ತಿದ್ದರು. ಆ ಹಾಳೆಗಳನ್ನು ಒಂದು ಕಾಲೇಜಿಗೆ ಕೊಟ್ಟೆ. ಕಟ್ಟಡ ಬದಲಾದಾಗ ಬೀರುವನ್ನು ಒದ್ದೆ ಕೋಣೆಯಲ್ಲಿಟ್ಟರು, ಮೂರು ವರ್ಷದಲ್ಲಿ ಬೂಷ್ಟು, ಗೆದ್ದಲು. ಸೇರ್ವೆಗಾರರು ಈಗಿಲ್ಲ. ಅವರು ಹೇಳಿದ ನಾಲ್ಕು ಹೆಸರುಗಳು ನನ್ನ ಟಿಪ್ಪಣಿ ಪುಸ್ತಕದಲ್ಲಿವೆ, ಅವು ಯಾವ ಹುಲ್ಲಿನವು ಎಂದು ಹೇಳುವ ಹಾಳೆಗಳಿಲ್ಲ. ಈ ಸಲ ಜುಲೈನಲ್ಲಿ ಇಬ್ಬರು ವಿದ್ಯಾರ್ಥಿಗಳೊಂದಿಗೆ ಬಾಸೂರಿನ ಅಂಚಿನಿಂದ ಮತ್ತೆ ಶುರುಮಾಡಿದ್ದೇವೆ, ತಿಂಗಳಿಗೊಂದು ಸುತ್ತು. ಪ್ರತಿ ಚೀಟಿಯಲ್ಲೂ ಕಡೂರು ಎಂದಷ್ಟೇ ಬರೆಯದೆ ಕಾವಲಿನ ಹೆಸರು, ಮಣ್ಣಿನ ಬಣ್ಣ, ಹತ್ತಿರದ ಕಟ್ಟೆ ಬರೆಯಿರಿ ಎಂದು ಅವರಿಗೆ ಹೇಳಿದ್ದೇನೆ.